ನಿಂತು ನಿಂತು ಹೋದ ಮಲೆನಾಡು: ಶಿವಮೊಗ್ಗದಿಂದ ಸಿಗಂದೂರಿಗೆ ನಾಲ್ಕು ದಿನ

ಎರಡು ತಿಂಗಳಿಂದ ನನ್ನ ಬೈಕಿಗೆ ಒಂದು ಕಾಯಿಲೆ ಹಿಡಿದಿತ್ತು. ಓಡ್ತಾ ಓಡ್ತಾ ಇದ್ದಕ್ಕಿದ್ದಂತೆ ಆಫ್ ಆಗುತ್ತಿತ್ತು. ಇಂಜಿನ್ ಒಂದೇ ಅಲ್ಲ, ಮೀಟರ್, ಹಾರ್ನ್, ಲೈಟು ಎಲ್ಲವೂ ಒಟ್ಟಿಗೆ ಸತ್ತುಹೋಗುತ್ತಿತ್ತು. ತಳ್ಳಿಕೊಂಡು ರಸ್ತೆ ಪಕ್ಕಕ್ಕೆ ತಂದು, ಎರಡು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಏನೂ ಆಗಿಲ್ಲ ಅನ್ನೋ ಹಾಗೆ ಸ್ಟಾರ್ಟ್. ಮನೆ ಗೇಟಿನ ಮುಂದೆಯೇ ಎರಡು ಸಲ ಹೀಗೆ ನಿಂತಿತ್ತು. ಮೆಕ್ಯಾನಿಕ್ ಹತ್ತಿರ ತೆಗೆದುಕೊಂಡು ಹೋದರೆ ಇಡೀ ದಿನ ಚೆನ್ನಾಗಿ ಓಡುತ್ತಿತ್ತು. ಒಂದು ಕಡೆ ಹೊಸ ಬ್ಯಾಟರಿ ಹಾಕಿದರು, ಇನ್ನೊಂದು ಕಡೆ ಪ್ಲಗ್ ಮತ್ತು ರಿಲೇ ಬದಲಾಯಿಸಿದರು. ಕಾಯಿಲೆ ಹಾಗೆಯೇ ಉಳಿಯಿತು.

ಇದು 200 ಸಿಸಿ ಬೈಕು. ಟಾರ್ ರಸ್ತೆಗೂ ಕಲ್ಲು ಮಣ್ಣಿನ ದಾರಿಗೂ ಆಗುವಂಥದ್ದು, ಮುಂದಿನ ಚಕ್ರ 21 ಇಂಚು. ಇಂಥ ಬೈಕು ತೆಗೆದುಕೊಂಡಿದ್ದೇ ಮಲೆನಾಡು ಸುತ್ತಲಿಕ್ಕೆ. ಅಕ್ಟೋಬರ್ ಕೊನೆಯಲ್ಲಿ ನಾಲ್ಕು ದಿನ ರಜೆ ಸಿಕ್ಕಿತು. ಕೆಟ್ಟ ಬೈಕ್ ತಗೊಂಡು ಘಾಟಿ ಕಡೆ ಹೋಗಬೇಡ ಅಂತ ಅಮ್ಮ ಹೇಳಿದರು. ಅವರ ಮಾತು ಸರಿಯೇ. ಆದರೆ ಆಗೊಮ್ಮೆ ಈಗೊಮ್ಮೆ ಬರುವ ತೊಂದರೆ ಮನೆ ಮುಂದೆ ನಿಲ್ಲಿಸಿಟ್ಟರೆ ಸಿಗುವುದಿಲ್ಲ, ಓಡಿಸಿದರೆ ಮಾತ್ರ ಸಿಗುತ್ತದೆ. ಹಾಗಾಗಿ ಚಿಕ್ಕಮ್ಮನ ಮಗನನ್ನು ಜೊತೆಗೆ ಕರೆದುಕೊಂಡೆ. ಅವನದು 125 ಸಿಸಿಯ ಮಾಮೂಲಿ ಬೈಕು. ನಾನು ನಿಂತರೆ ಅವನಿದ್ದಾನೆ ಅನ್ನೋ ಧೈರ್ಯ. ರಾತ್ರಿ ಓಡಿಸುವುದು ಬೇಡ, ಘಾಟಿಯಲ್ಲಿ ಅವನು ಯಾವಾಗಲೂ ಹಿಂದೆ ಇರಬೇಕು, ಇಷ್ಟು ಮೊದಲೇ ಮಾತಾಡಿಕೊಂಡೆವು.

ದಿನ 1: ಶಿವಮೊಗ್ಗ, ಮಂಡಗದ್ದೆ, ಆಗುಂಬೆ

ಬೆಳಿಗ್ಗೆ ಏಳಕ್ಕೆ ಹೊರಟು ಗಾಜನೂರು ದಾಟಿ ಸಕ್ರೆಬೈಲಿನಲ್ಲಿ ನಿಂತೆವು. ಶಿವಮೊಗ್ಗದಿಂದ 14 ಕಿಲೋಮೀಟರ್ ಅಷ್ಟೆ. ಎಷ್ಟು ಸಲ ಬಂದಿದ್ದರೂ ಆನೆಗಳಿಗೆ ಸ್ನಾನ ಮಾಡಿಸುವುದನ್ನು ನೋಡದೆ ಮುಂದೆ ಹೋಗಲಿಕ್ಕೆ ಮನಸ್ಸು ಬರುವುದಿಲ್ಲ. ತುಂಗೆಯ ಹಿನ್ನೀರಿನಲ್ಲಿ ಒಂದು ಮರಿ ಪೂರ್ತಿ ಮುಳುಗಿ ಸೊಂಡಿಲು ಮಾತ್ರ ಮೇಲೆ ಇಟ್ಟುಕೊಂಡಿತ್ತು, ಮಾವುತ ಬೈದರೂ ಏಳಲಿಲ್ಲ. ಇದನ್ನೆಲ್ಲ ನೋಡಬೇಕು ಅಂದರೆ ಬೆಳಿಗ್ಗೆಯೇ ಹೋಗಬೇಕು, ಮಧ್ಯಾಹ್ನ ಹೋದರೆ ಆನೆಗಳು ಕಾಡಿಗೆ ಹೋಗಿರುತ್ತವೆ.

ಅಲ್ಲಿಂದ ಮಂಡಗದ್ದೆವರೆಗೆ ಒಂದೇ ಸಮ ಓಡಿಸಿದೆ. ಒಂದು ಪಕ್ಕ ಕಾಡು, ಇನ್ನೊಂದು ಪಕ್ಕ ಹೊಳೆ. ಬೈಕು ಒಂದು ಚೂರೂ ತೊಂದರೆ ಕೊಡಲಿಲ್ಲ. ಮಂಡಗದ್ದೆಯಲ್ಲಿ ಹೊಳೆ ನಡುವಿನ ಮರಗಳಲ್ಲಿ ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ನಾವು ಹೋದಾಗ ಗೂಡುಗಳು ಖಾಲಿ, ಮರದ ತುಂಬ ಬಿಳಿ ಹಿಕ್ಕೆಯ ಗುರುತು ಮಾತ್ರ. ರಸ್ತೆ ಪಕ್ಕದ ಗೂಡಂಗಡಿಯಲ್ಲಿ ಟೀ ಕುಡಿದೆವು, ಬಿಸಿ ಬಿಸಿ ಬನ್ಸ್ ಇತ್ತು, ಎರಡೆರಡು ತಿಂದೆವು. ಅಷ್ಟರಲ್ಲಿ ಜಿಟಿಜಿಟಿ ಮಳೆ. ರೈನ್‌ಕೋಟ್ ಹಾಕಿಕೊಂಡು ಅಂಗಡಿ ಮುಂದಿನಿಂದ ರಸ್ತೆಗೆ ತಿರುಗಿಸಿಕೊಳ್ಳುತ್ತಿದ್ದಂತೆ ಬೈಕ್ ಆಫ್.

ನಾನು ತಕ್ಷಣ ಅಂದುಕೊಂಡಿದ್ದು ನೀರು ಅಂತ. ಮಳೆ ಬಂತು, ನಿಂತಿತು, ಇನ್ನೇನು ಬೇಕು? ಹ್ಯಾಂಡಲ್ ಮೇಲಿನ ಕಿಲ್ ಸ್ವಿಚ್, ಅಂದರೆ ಇಂಜಿನ್ ಆಫ್ ಮಾಡುವ ಸ್ವಿಚ್ ಒರೆಸಿದೆ, ಊದಿದೆ, ನಾಲ್ಕು ಸಲ ಆ ಕಡೆ ಈ ಕಡೆ ಒತ್ತಿದೆ. ಸ್ಟಾರ್ಟ್ ಆಯಿತು. ಸಿಕ್ಕಿತು ಅಂತ ಖುಷಿಯಾಯಿತು. ತಮ್ಮ ಮಾತ್ರ ಮೊಬೈಲ್ ತೆಗೆದು ಬರೆದುಕೊಂಡ: ಮಂಡಗದ್ದೆ, ಒಂಬತ್ತೂವರೆ, ಜಿಟಿ ಮಳೆ, ಅಂಗಡಿಯಿಂದ ಹೊರಗೆ ತಿರುಗುವಾಗ, ಎಲ್ಲಾ ಆಫ್. ಇದೆಲ್ಲ ಯಾಕೋ ಅಂತ ಕೇಳಿದೆ. "ಇರ್ಲಿ ಬಿಡಣ್ಣ, ಆಮೇಲೆ ನೆನಪಿರಲ್ಲ" ಅಂದ. ಕೊನೆಗೆ ಆ ಪಟ್ಟಿಯೇ ನಮಗೆ ದಾರಿ ತೋರಿಸಿದ್ದು. ಇಂಥ ತೊಂದರೆ ಇರುವವರು ಬೇರೆ ಏನು ಮಾಡದಿದ್ದರೂ ಇದೊಂದನ್ನು ಮಾಡಿ. ಯಾವ ಹೊತ್ತು, ಮಳೆಯೋ ಬಿಸಿಲೋ, ನೇರ ರಸ್ತೆಯೋ ತಿರುವೋ, ಗುಂಡಿಯೋ, ಏನೇನು ಆಫ್ ಆಯಿತು, ಏನು ಉಳಿಯಿತು, ಎಲ್ಲ ಬರೆದಿಡಿ.

ತೀರ್ಥಹಳ್ಳಿಯಲ್ಲಿ ಊಟ. ಊಟದ ಜೊತೆ ಒಂದೆಲಗದ ತಂಬುಳಿ ಕೊಟ್ಟರು, ಅದಕ್ಕೇ ಎರಡು ಸಲ ಅನ್ನ ಹಾಕಿಸಿಕೊಂಡೆ. ಮೇಗರವಳ್ಳಿ ದಾಟಿದ ಮೇಲೆ ನಿಜವಾದ ಮಳೆ ಶುರುವಾಯಿತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಅಕ್ಟೋಬರಿನಲ್ಲಿ ಅದರ ಬಾಲ ಮಾತ್ರ ಉಳಿದಿರುತ್ತದೆ, ಆದರೂ ಹೆಲ್ಮೆಟ್ಟಿನ ಗಾಜಿನ ಮೇಲೆ ಯಾರೋ ಬಕೆಟ್ಟಿನಲ್ಲಿ ನೀರು ಸುರಿದ ಹಾಗೆ ಇತ್ತು. ಕೈಗವಸು ಹಿಂಡಿದರೆ ನೀರು. ಅಂಥ ಮಳೆಯಲ್ಲಿ ಅರ್ಧ ಗಂಟೆ ಓಡಿತು, ಒಂದು ಸಲವೂ ಕೆಮ್ಮಲಿಲ್ಲ. ನೀರಿನ ತೊಂದರೆಯಾಗಿದ್ದರೆ ಅಲ್ಲೇ ನಿಲ್ಲಬೇಕಿತ್ತು ಅಲ್ವಾ? ಆಗ ನನಗೆ ಅದು ಹೊಳೆಯಲೇ ಇಲ್ಲ. ಆಗುಂಬೆಗೆ ಬಂದು, ಉಳಿದುಕೊಳ್ಳುವ ಮನೆಯ ಓಣಿಗೆ ನಿಧಾನಕ್ಕೆ ತಿರುಗಿಸುವಾಗ ಎರಡನೇ ಸಲ ನಿಂತಿತು.

ಆ ಮನೆ ಅಮ್ಮ ಮೊದಲು ಟವೆಲ್ ಕೊಟ್ಟರು, ಆಮೇಲೆ ಕಷಾಯ, ಆಮೇಲೆ ಹೆಸರು ಕೇಳಿದರು. ರಾತ್ರಿ ಊಟಕ್ಕೆ ಕಡುಬು, ಮೇಲೆ ಬೆಣ್ಣೆ, ಪಕ್ಕಕ್ಕೆ ಅಪ್ಪೆಮಿಡಿ. ಊಟ ಮುಗಿಸಿ ಜಗಲಿಯಲ್ಲಿ ಬೈಕ್ ನಿಲ್ಲಿಸಿಕೊಂಡು ವೋಲ್ಟ್ ಅಳೆಯುವ ಮಲ್ಟಿಮೀಟರ್ ತೆಗೆದೆ. ಇಂಜಿನ್ ಆಫ್ ಇದ್ದಾಗ ಬ್ಯಾಟರಿ 12.7 ವೋಲ್ಟ್. ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಕೊಟ್ಟರೆ 14.2. ಇದು 13.5ರಿಂದ 14.5ರ ಒಳಗಿದ್ದರೆ ಚಾರ್ಜಿಂಗ್ ಸರಿಯಿದೆ ಅಂತ ಅರ್ಥ. 13ರ ಕೆಳಗೇ ನಿಂತರೆ ಬ್ಯಾಟರಿ ತುಂಬುತ್ತಿಲ್ಲ, 15 ದಾಟಿದರೆ ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಹೋಗಿದೆ. ನನ್ನದು ಎರಡೂ ಅಲ್ಲ. ಬ್ಯಾಟರಿ ಟರ್ಮಿನಲ್ ಎರಡನ್ನೂ ಸ್ಪ್ಯಾನರಿನಲ್ಲಿ ಬಿಗಿ ಮಾಡಿ ನೋಡಿದೆ, ಬಿಗಿಯೇ ಇತ್ತು. ಫ್ಯೂಸ್ ತೆಗೆದು ಅದರ ಕಾಲುಗಳನ್ನು ನೋಡಿದೆ, ಸುಟ್ಟ ಗುರುತು ಇಲ್ಲ.

ಮೀಟರ್ ಕಡೆ ಸುಮ್ನೆ ನೋಡುತ್ತಾ ಕೂತಿದ್ದಾಗ ಗಡಿಯಾರ ಕಣ್ಣಿಗೆ ಬಿತ್ತು. ಒಂಬತ್ತು ಹದಿನೆಂಟು. ಮೊಬೈಲಿನಲ್ಲೂ ಒಂಬತ್ತು ಹದಿನೆಂಟು. ಹೊಸ ಬ್ಯಾಟರಿ ಹಾಕಿದ ದಿನ ಅದೇ ಗಡಿಯಾರ 12:00ಕ್ಕೆ ಹೋಗಿತ್ತು, ನಾನೇ ಸರಿ ಮಾಡಿದ್ದೆ. ಈ ಗಡಿಯಾರಕ್ಕೆ ಕರೆಂಟು ಕೀ ಮೂಲಕ ಬರುವುದಲ್ಲ. ಮೇನ್ ಫ್ಯೂಸ್ ದಾಟಿದ ಮೇಲೆ ನೇರವಾಗಿ ಬರುತ್ತದೆ, ಅದಕ್ಕೇ ಬೈಕ್ ನಿಲ್ಲಿಸಿಟ್ಟಾಗಲೂ ಅದು ಓಡುತ್ತಿರುತ್ತದೆ. ಇವತ್ತು ಎರಡು ಸಲ ಇಡೀ ಬೈಕ್ ಸತ್ತಿದೆ, ಆದರೆ ಗಡಿಯಾರ ತಪ್ಪಿಲ್ಲ. ಅಂದರೆ ಬ್ಯಾಟರಿ, ಅದರ ಟರ್ಮಿನಲ್, ಮೇನ್ ಫ್ಯೂಸ್ ಇವು ಮೂರೂ ಒಂದು ಸಲವೂ ಕೈ ಕೊಟ್ಟಿಲ್ಲ. ಕೆಟ್ಟಿರುವುದು ಅಲ್ಲಿಂದ ಮುಂದೆ. ಎರಡು ತಿಂಗಳು ಆ ಗಡಿಯಾರ ನನ್ನ ಕಣ್ಣೆದುರೇ ಇತ್ತು. ಹೊಸ ಬ್ಯಾಟರಿ ಬೇಕಾಗಿರಲೇ ಇಲ್ಲ.

ಹಾಗೇ ಇನ್ನೊಂದು ಲೆಕ್ಕ ಹಾಕಿದೆ. ಸೈಡ್ ಸ್ಟ್ಯಾಂಡ್ ಸ್ವಿಚ್, ಕಿಲ್ ಸ್ವಿಚ್, ಬೈಕ್ ಬಿದ್ದರೆ ಇಂಜಿನ್ ಆಫ್ ಮಾಡುವ ಸೆನ್ಸರ್, ಪೆಟ್ರೋಲ್ ಪಂಪಿನ ರಿಲೇ, ಇವು ಯಾವುದು ಕೆಟ್ಟರೂ ಇಂಜಿನ್ ಮಾತ್ರ ನಿಲ್ಲುತ್ತದೆ. ಮೀಟರ್ ಬೆಳಗುತ್ತಲೇ ಇರುತ್ತದೆ, ಹಾರ್ನ್ ಹೊಡೆಯುತ್ತದೆ. ನನ್ನದರಲ್ಲಿ ಎಲ್ಲವೂ ಹೋಗುತ್ತದೆ. ಹಾಗಾದರೆ ಬೆಳಿಗ್ಗೆ ಕಿಲ್ ಸ್ವಿಚ್ ಒರೆಸಿದ್ದಕ್ಕೆ ಸರಿಯಾಯಿತು ಅಂದುಕೊಂಡದ್ದೂ ಸುಳ್ಳು. ಉಳಿದದ್ದು ಕೀ ಸೆಟ್, ಅಂದರೆ ಕೀ ಹಾಕಿ ತಿರುಗಿಸುವ ಸ್ವಿಚ್ ಒಂದೇ. ಆದರೆ ಅದನ್ನು ನಾನು ಮನೆಯಲ್ಲೇ ಪರೀಕ್ಷೆ ಮಾಡಿದ್ದೆ. ವೈರುಗಳನ್ನು ಸೇರಿಸುವ ಪ್ಲಾಸ್ಟಿಕ್ ಕಪ್ಲರ್ ಬಿಚ್ಚಿ, ಕೀ ಆನ್ ಮಾಡಿ, ಮಲ್ಟಿಮೀಟರಿನ ಎರಡು ಮೊನೆ ಇಟ್ಟರೆ ಬೀಪ್ ಅಂದಿತ್ತು. ಸರಿಯಿದೆ ಅಂತ ಬಿಟ್ಟಿದ್ದೆ. ಹಾಗಾಗಿ ಎಲ್ಲೋ ವೈರಿಂಗಿನ ಮಧ್ಯೆ ಕಪ್ಲರ್ ಒಂದು ಕಿಲುಬು ಹಿಡಿದಿರಬೇಕು ಅಂದುಕೊಂಡು ಮಲಗಿದೆ. ರಾತ್ರಿಯಿಡೀ ಹೆಂಚಿನ ಮೇಲೆ ಮಳೆ.

ದಿನ 2: ಘಾಟಿಯ ತಿರುವು, ಕವಲೇದುರ್ಗ, ನಗರ

ಬೆಳಿಗ್ಗೆ ಮಳೆ ಪೂರ್ತಿ ನಿಂತಿತ್ತು. ಕಾಡಿನಿಂದ ಹಬೆ ಏಳುತ್ತಿತ್ತು. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ನಾಲ್ಕೈದು ತಿರುವು ಇಳಿದು ವಾಪಸ್ ಹತ್ತಿ ನೋಡೋಣ ಅಂತ ಹೊರಟೆವು. ಈ ತೀರ್ಮಾನ ನಾನು ಮಾಡಬಾರದಿತ್ತು.

ಇಳಿಯುವಾಗ ಏನೂ ಆಗಲಿಲ್ಲ. ಹತ್ತುವಾಗ ಎಡಕ್ಕೆ ಸುತ್ತುವ ತಿರುವಿನಲ್ಲಿ, ಮೊದಲ ಗೇರಿನಲ್ಲಿ, ಸರಿಯಾಗಿ ಮಧ್ಯದಲ್ಲಿ ಸತ್ತಿತು. ಹಿಂದೆ ಒಂದು ಮಿನಿ ಬಸ್ಸು. ಏರಿನಲ್ಲಿ ಇಂಜಿನ್ ಹೋದರೆ ಬೈಕ್ ಒಂದೇ ಉಸಿರಿಗೆ ನಿಲ್ಲುತ್ತದೆ, ಇಂಡಿಕೇಟರ್ ಇಲ್ಲ, ಬ್ರೇಕ್ ಲೈಟ್ ಇಲ್ಲ, ಹಾರ್ನ್ ಇಲ್ಲ. ಕೈ ಎತ್ತಿ ಬೀಸಿದೆ. ಮಧ್ಯೆ ತಮ್ಮ ಇದ್ದ, ಅವನೂ ಕೈ ಬೀಸಿದ. ಬಸ್ಸು ನಿಂತಿತು. ಕಂಡಕ್ಟರ್ ಇಳಿದು ಬಂದು ಒಂದು ಮಾತೂ ಬಯ್ಯದೆ ಹಿಂದಿನಿಂದ ತಳ್ಳಿದರು. "ಇಲ್ಲಿ ನಿಲ್ಬೇಡಿ ಮಾರಾಯ್ರೆ, ಮೇಲೆ ಅಗಲ ಇದೆ, ಅಲ್ಲಿ ನೋಡ್ಕೊಳ್ಳಿ" ಅಂದರು. ಇಪ್ಪತ್ತು ಹೆಜ್ಜೆ ತಳ್ಳುವುದರೊಳಗೆ ನನ್ನ ಕಾಲು ನಡುಗಲಿಕ್ಕೆ ಶುರುವಾಗಿತ್ತು. ಅವರಿಗೆ ಕೈ ಮುಗಿದೆ. ಘಾಟಿಯಲ್ಲಿ ಪರೀಕ್ಷೆ ಮಾಡುವುದು ಅಲ್ಲಿಗೆ ಮುಗಿಯಿತು. ಇಂಥ ಬೈಕನ್ನು ಯಾರೂ ಘಾಟಿಗೆ ತೆಗೆದುಕೊಂಡು ಹೋಗಬೇಡಿ, ಪರೀಕ್ಷೆಗೆ ಖಾಲಿ ಮೈದಾನ ಸಾಕು. ಮೇಲೆ ಬಂದ ಮೇಲೆ ತಮ್ಮ ಬರೆದುಕೊಂಡ: ಘಾಟಿ, ಎಂಟು ಗಂಟೆ, ಒಣ ರಸ್ತೆ, ಎಡ ತಿರುವು.

ತೀರ್ಥಹಳ್ಳಿಗೆ ವಾಪಸ್ ಬಂದು ಅಲ್ಲಿಂದ ಕವಲೇದುರ್ಗಕ್ಕೆ ಹೋದೆವು. ಗದ್ದೆ ಬದುವಿನ ಮೇಲೆ ಹೋಗಿ, ಆಮೇಲೆ ಕಲ್ಲು ಹಾಸಿದ ದಾರಿ. ಕೆಳದಿ ಅರಸರ ಕಾಲದ ಕಲ್ಲುಗಳು, ಪಾಚಿ ಹಿಡಿದು ಜಾರುತ್ತವೆ. ಬೈಕಿನ ಬೂಟು ಹಾಕಿಕೊಂಡು ಹತ್ತಿದೆ, ಎರಡು ಸಲ ಕೂತೆ. ಕ್ಯಾನ್ವಾಸ್ ಶೂ ಒಳ್ಳೆಯದು. ಇಂಬಳಗಳಿಗೆ ಸುಣ್ಣ ಅಥವಾ ಉಪ್ಪು ಕೈಯಲ್ಲಿರಲಿ. ಬಾಗಿಲ ಮೇಲೆ ಬಾಗಿಲು ದಾಟಿ ಒಳಗೆ ಹೋದರೆ ಅರಮನೆಯ ಪಾಯ, ಕಲ್ಲಿನ ಒಲೆ, ನೀರಿನ ತೊಟ್ಟಿ. ತುದಿಯಲ್ಲಿ ಶಿಖರೇಶ್ವರ ಗುಡಿ. ಅಲ್ಲಿ ಕೂತು ಅರ್ಧ ಗಂಟೆ ಬೈಕಿನ ವಿಷಯ ಮರೆತೇ ಹೋಗಿತ್ತು. ದೂರದಲ್ಲಿ ವಾರಾಹಿಯ ಹಿನ್ನೀರು ಮೋಡದ ನಡುವೆ ಕಂಡು ಮಾಯವಾಗುತ್ತಿತ್ತು.

ಕೆಳಗೆ ಬಂದು ಊರಿನ ದಾರಿಯಲ್ಲಿ ಹೊರಟ ಮೇಲೆ ಒಂದು ಅಡಿಕೆ ತೋಟದ ಹತ್ತಿರ ಮತ್ತೆ ನಿಂತಿತು. ಮನೆ ಅಂಗಳದಲ್ಲಿ ಹೆಂಗಸರು ಸಾಲಾಗಿ ಕೂತು ಮೆಟ್ಟುಗತ್ತಿಯಲ್ಲಿ ಹಸಿ ಅಡಿಕೆ ಸುಲಿಯುತ್ತಿದ್ದರು. ದೊಡ್ಡ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು, ಚೊಗರಿನ ವಾಸನೆ ಗಾಳಿಯಲ್ಲಿತ್ತು. ಯಜಮಾನರು ಹೊರಗೆ ಬಂದರು.

"ಎಂತ ಆಯ್ತು?"

"ಆಗಾಗ ಆಫ್ ಆಗ್ತದೆ, ಆಮೇಲೆ ತಾನೇ ಸರಿಯಾಗ್ತದೆ."

"ನಮ್ಮ ಪಂಪ್‌ಸೆಟ್ಟಿಂದೂ ಹಾಗೇ ಇತ್ತು ಮಾರಾಯ್ರೆ. ಬಂದವ್ರು ಎಲ್ಲಾ ಮೋಟರ್ ಬಿಚ್ಚಿ ಅಂದ್ರು. ಆಮೇಲೆ ನೋಡಿದ್ರೆ ಸ್ಟಾರ್ಟರ್ ಪಾಯಿಂಟಿನ ಮಧ್ಯೆ ಇರುವೆ. ಗಾಳಿ ಬಂದಾಗ್ಲೂ ನಿಲ್ತಿತ್ತು, ಅದು ಲೈನ್ ಲೂಸ್ ಆಗಿ. ಎರಡು ಬೇರೆ ಬೇರೆ ತೊಂದ್ರೆ, ಒಂದೇ ಅಂತ ತಿಳ್ಕೊಂಡು ತಿಂಗಳು ಹೋಯ್ತು. ಇದು ಯಾವಾಗ ನಿಲ್ತದೆ?"

ನಾನು ಮಳೆ, ಬಿಸಿ ಅಂತ ಏನೋ ಹೇಳಲಿಕ್ಕೆ ಹೊರಟೆ. ತಮ್ಮ ಮೊಬೈಲ್ ತೆಗೆದು ನಾಲ್ಕೂ ಓದಿದ. ಎರಡು ಸಲ ಮಳೆ ಇತ್ತು, ಎರಡು ಸಲ ಇರಲಿಲ್ಲ. ಅಂಗಡಿಯಿಂದ ರಸ್ತೆಗೆ ತಿರುಗುವಾಗ ಒಂದು, ಓಣಿಗೆ ತಿರುಗುವಾಗ ಒಂದು, ಹೇರ್‌ಪಿನ್ ಒಂದು, ಈ ತೋಟದ ದಾರಿ ಒಂದು. ಎಲ್ಲವೂ ನಿಧಾನಕ್ಕೆ ಹೋಗುವಾಗ, ಎಲ್ಲವೂ ತಿರುವಿನಲ್ಲಿ. ನೇರ ರಸ್ತೆಯಲ್ಲಿ ಒಂದೂ ಇಲ್ಲ. "ಹಾಗಾದ್ರೆ ತಿರುಗುವ ಜಾಗದಲ್ಲಿ ನೋಡಿ" ಅಂದರು ಯಜಮಾನರು, ಅಷ್ಟೇ. ಆಮೇಲೆ "ಕುಡಿಲಿಕ್ಕೆ ಎಂತ ಕೊಡ್ಲಿ?" ಅಂತ ಕೇಳಿ ಮಜ್ಜಿಗೆ ತರಿಸಿದರು. ಈ ವರ್ಷ ಅಡಿಕೆಗೆ ಕೊಳೆ ರೋಗ ಜಾಸ್ತಿ ಆಗಿ ಅರ್ಧ ಫಸಲು ನೆಲಕ್ಕೆ ಉದುರಿತು ಅಂತ ಹೇಳಿದರು, ಮೂರು ಸಲ ಬೋರ್ಡೋ ಔಷಧಿ ಹೊಡೆದರೂ ಮಳೆ ಬಿಡದೆ ತೊಳೆದುಕೊಂಡು ಹೋಯಿತಂತೆ. ನಮ್ಮದು ಒಂದು ಬೈಕಿನ ಚಿಂತೆ, ಅವರದು ವರ್ಷದ ಬದುಕು. ಆದರೂ ಅರ್ಧ ಗಂಟೆ ನಮ್ಮ ಜೊತೆ ನಿಂತರು.

ಯಡೂರು, ಮಾಸ್ತಿಕಟ್ಟೆ ಕಡೆಯಿಂದ ನಗರಕ್ಕೆ ಹೋದೆವು. ಕಾಡಿನೊಳಗಿನ ರಸ್ತೆ, ಎದುರು ಬರುವ ಗಾಡಿ ಕಡಿಮೆ. ನಾನು ಪ್ರತಿ ಎಡ ತಿರುವಿನಲ್ಲೂ ಉಸಿರು ಹಿಡಿದುಕೊಂಡು ಹೋಗುತ್ತಿದ್ದೆ. ಸಂಜೆ ನಗರದ ಕೋಟೆ ಹತ್ತಿದೆವು. ಇದೇ ಹಿಂದಿನ ಬಿದನೂರು, ಕೆಳದಿಯವರ ಕೊನೆಯ ರಾಜಧಾನಿ. 1763ರಲ್ಲಿ ಹೈದರಾಲಿ ಗೆದ್ದು ಹೈದರ್‌ನಗರ ಅಂತ ಹೆಸರಿಟ್ಟ, ಅದರಲ್ಲಿ ನಗರ ಮಾತ್ರ ಉಳಿದುಕೊಂಡಿದೆ. ಕೋಟೆ ಗೋಡೆ ಮೇಲೆ ಊರಿನ ಹುಡುಗರು ಇಬ್ಬರು ಕೂತು ಮಂಡಕ್ಕಿ ತಿನ್ನುತ್ತಿದ್ದರು, ನಮಗೂ ಕೊಟ್ಟರು.

ದಿನ 3: ಕೊಡಚಾದ್ರಿ, ಮತ್ತೆ ಆ ಕೆಂಪು ವೈರು

ಸಂಪೆಕಟ್ಟೆ ದಾಟಿ ನಿಟ್ಟೂರಿಗೆ ಬಂದೆವು. ಬೈಕ್ ಕೆಳಗೇ ಬಿಟ್ಟು ಜೀಪಿನಲ್ಲಿ ಕೊಡಚಾದ್ರಿಗೆ ಹೋಗುವುದು ಅಂತ ಮೊದಲೇ ತೀರ್ಮಾನ ಆಗಿತ್ತು. ಜೀಪಿಗೆ ಜನ ಸೇರುವವರೆಗೆ ಕಾಯಬೇಕು, ಬೆಳಿಗ್ಗೆ ಬೇಗ ಹೋದರೆ ಪಾಲುದಾರರು ಸಿಗುತ್ತಾರೆ. ಅದು ದಾರಿ ಅಲ್ಲ, ಕಲ್ಲು ಮತ್ತು ಕೊರಕಲು. ಒಂದು ಕಡೆ ಜೀಪಿನ ಎಡ ಚಕ್ರ ಗಾಳಿಯಲ್ಲಿ ಇತ್ತು ಅಂತ ಈಗಲೂ ಅನ್ನಿಸುತ್ತದೆ. ಡ್ರೈವರ್ ಮಾತ್ರ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಕವಳ ಸರಿ ಮಾಡಿಕೊಳ್ಳುತ್ತಿದ್ದರು. ಮೇಲೆ 1,343 ಮೀಟರ್ ಎತ್ತರ. ಸರ್ವಜ್ಞ ಪೀಠದ ಹತ್ತಿರ ಹೋದಾಗ ಮಂಜು ಎಷ್ಟಿತ್ತು ಅಂದರೆ ತಮ್ಮ ಹತ್ತು ಹೆಜ್ಜೆ ಮುಂದೆ ಹೋದರೆ ಕಾಣುತ್ತಿರಲಿಲ್ಲ. ಗಾಳಿ ಒಂದು ಸಲ ಮಂಜನ್ನು ಎಳೆದು ಹಾಕಿದಾಗ ಕೆಳಗೆ ಹುಲ್ಲುಗಾವಲು, ಅದರ ಕೆಳಗೆ ಕಪ್ಪು ಶೋಲಾ ಕಾಡು, ಒಂದು ನಿಮಿಷ. ಮತ್ತೆ ಮುಚ್ಚಿತು.

ಇಳಿಯುವಾಗ ಡ್ರೈವರ್ ಪಕ್ಕ ಕೂತಿದ್ದೆ. ಬೈಕಿನ ಕಥೆ ಹೇಳಿದೆ. ಇಪ್ಪತ್ತು ವರ್ಷ ಈ ಕಲ್ಲಿನಲ್ಲಿ ಜೀಪ್ ಓಡಿಸಿದವರು, ಕುಲುಕಿ ಕುಲುಕಿ ಯಾವ ವೈರು ಎಲ್ಲಿ ತುಂಡಾಗುತ್ತದೆ ಅಂತ ಅವರಿಗೆ ಗೊತ್ತು. "ಮೀಟರಲ್ಲಿ ಬೀಪ್ ಬಂತು ಅಂತ ನಂಬ್ಬೇಡಿ" ಅಂದರು. "ಬಲ್ಬ್ ಹಚ್ಚಿ ನೋಡ್ಬೇಕು."

ಕೆಳಗೆ ಅವರ ಮನೆ ಮುಂದೆ ತಗಡಿನ ಚಪ್ಪರದ ಕೆಳಗೆ ಬೈಕ್ ತಂದು ನಿಲ್ಲಿಸಿದೆವು. ಅಷ್ಟರಲ್ಲಿ ಮಳೆ ಶುರು. ಟ್ಯಾಂಕಿನ ಪಕ್ಕದ ಕವರ್ ಬಿಚ್ಚಿ ಕೀ ಸೆಟ್ಟಿನ ಕಪ್ಲರ್ ಹೊರಗೆ ತೆಗೆದೆವು. ಮೊದಲು ನನ್ನ ಮಲ್ಟಿಮೀಟರ್. ಹ್ಯಾಂಡಲ್ ನೇರ ಇದ್ದಾಗ ಬೀಪ್. ಸ್ವಲ್ಪ ಎಡಕ್ಕೆ ತಿರುಗಿಸಿದಾಗಲೂ ಬೀಪ್. ಈಗ ಅವರ ಟೆಸ್ಟ್ ಲ್ಯಾಂಪ್. ಹಳೇ ಇಂಡಿಕೇಟರಿನ 21 ವ್ಯಾಟ್ ಬಲ್ಬಿಗೆ ಎರಡು ವೈರ್ ಬೆಸುಗೆ ಹಾಕಿಕೊಂಡಿದ್ದಾರೆ, ಅಷ್ಟೇ. ಬ್ಯಾಟರಿಯ ಪ್ಲಸ್ ಕೀ ಸೆಟ್ಟಿನ ಮೂಲಕ ಬಲ್ಬಿಗೆ, ಬಲ್ಬಿನಿಂದ ಬ್ಯಾಟರಿಯ ಮೈನಸ್ಸಿಗೆ. ಹ್ಯಾಂಡಲ್ ನೇರ, ಬಲ್ಬ್ ಜಗ್ಗನೆ ಹತ್ತಿತು. ನಿಧಾನಕ್ಕೆ ಎಡಕ್ಕೆ ತಿರುಗಿಸಿದೆ. ಬಲ್ಬ್ ಕೆಂಪಾಯಿತು, ಮಿಣುಕಿತು, ಆರಿತು. ಬಲಕ್ಕೆ ತಂದೆ, ಹತ್ತಿತು. ಎಡಕ್ಕೆ, ಆರಿತು. ತಮ್ಮ "ಅಣ್ಣಾ!" ಅಂತ ಕೂಗಿದ. ನನಗೆ ಮಾತೇ ಬರಲಿಲ್ಲ. ಎರಡು ತಿಂಗಳಿಂದ ಕಾಣದ್ದು ಕಣ್ಣ ಮುಂದೆ ಹತ್ತಿ ಆರುತ್ತಿತ್ತು.

ಕಾರಣ ಇಷ್ಟು. ಮಲ್ಟಿಮೀಟರ್ ವೈರಿನ ಮೂಲಕ ಹರಿಸುವ ಕರೆಂಟು ಬಹಳ ಬಹಳ ಕಡಿಮೆ. ಒಳಗಿನ ತಾಮ್ರದ ಎಳೆಗಳು ತುಂಡಾಗಿ ತುದಿಗೆ ತುದಿ ಸುಮ್ನೆ ತಾಗಿಕೊಂಡಿದ್ದರೂ ಅದಕ್ಕೆ ಸಾಕು, ಬೀಪ್ ಅನ್ನುತ್ತದೆ. 21 ವ್ಯಾಟಿನ ಬಲ್ಬಿಗೆ ಹೆಚ್ಚು ಕಡಿಮೆ ಒಂದೂಮುಕ್ಕಾಲು ಆಂಪಿಯರ್ ಬೇಕು. ಅಷ್ಟು ಕರೆಂಟು ಅಂಥ ಜಾಗದಲ್ಲಿ ದಾಟಲಾರದು. ಬೈಕಿಗೂ ಬೇಕಾಗಿದ್ದು ಅದೇ, ಬಲ್ಬಿಗಿಂತ ಜಾಸ್ತಿ. ಹಾಗಾಗಿ ಬಲ್ಬ್ ಹೇಳಿದ್ದು ನಿಜ.

ವೈರನ್ನು ಬೆರಳಲ್ಲಿ ಹಿಡಿದು ಒಂದೊಂದೇ ಇಂಚು ಬಗ್ಗಿಸುತ್ತಾ ಹೋದೆವು. ಹ್ಯಾಂಡಲಿನ ಕತ್ತಿನ ಹತ್ತಿರ ಕೆಂಪು ವೈರು ಒಂದು ಜಾಗದಲ್ಲಿ ಮೆತ್ತಗಿತ್ತು, ಒಳಗೆ ಮೂಳೆ ಇಲ್ಲದ ಹಾಗೆ. ಹೊರಗಿನ ಪ್ಲಾಸ್ಟಿಕ್ಕಿಗೆ ಒಂದು ಗೀರೂ ಇಲ್ಲ. ಸರಿಯಾಗಿ ಅದರ ಪಕ್ಕದಲ್ಲೇ ಒಂದು ಕೇಬಲ್ ಟೈ ಬಿಗಿಯಾಗಿ ಕೂತಿತ್ತು.

ಆ ಟೈ ಹಾಕಿದ್ದು ನಾನು. ಮೇ ತಿಂಗಳಲ್ಲಿ ಫಾಗ್ ಲೈಟ್ ಹಾಕಿದಾಗ ಹೊಸ ವೈರುಗಳು ಜೋಲಾಡಬಾರದು ಅಂತ ಹಳೇ ವೈರುಗಳ ಜೊತೆ ಸೇರಿಸಿ ಫ್ರೇಮಿಗೆ ಬಿಗಿದು ಕಟ್ಟಿದ್ದೆ. ಕತ್ತಿನ ಹತ್ತಿರ ವೈರು ಸ್ವಲ್ಪ ಸಡಿಲ ಇರಬೇಕು, ಹ್ಯಾಂಡಲ್ ತಿರುಗಿದಾಗ ಉದ್ದಕ್ಕೂ ನಿಧಾನಕ್ಕೆ ಬಾಗಬೇಕು. ನಾನು ಬಿಗಿದಿದ್ದರಿಂದ ಪ್ರತಿ ಸಲ ಎಡಕ್ಕೆ ತಿರುಗಿಸಿದಾಗಲೂ ಅದೇ ಒಂದು ಜಾಗದಲ್ಲಿ ಮಡಚಿ ಎಳೆಯುತ್ತಿತ್ತು. ಎಳೆ ಎಳೆಯಾಗಿ ತುಂಡಾಗಿದೆ. ಕಚ್ಚಾ ದಾರಿಯಲ್ಲಿ ಓಡುವ ಬೈಕಿನಲ್ಲಿ ಹ್ಯಾಂಡಲ್ ತಿರುಗುವುದೂ ಜಾಸ್ತಿ, ಕುಲುಕಾಟವೂ ಜಾಸ್ತಿ. ಮೆಕ್ಯಾನಿಕ್ ಹತ್ತಿರ ಯಾಕೆ ನಿಲ್ಲುತ್ತಿರಲಿಲ್ಲ ಅಂತಲೂ ಈಗ ಅರ್ಥವಾಯಿತು. ಅವರು ನೇರ ರಸ್ತೆಯಲ್ಲಿ ಓಡಿಸಿ ನೋಡುತ್ತಿದ್ದರು. ನಾನು ತಳ್ಳಿಕೊಂಡು ಪಕ್ಕಕ್ಕೆ ತಂದಾಗ ಹ್ಯಾಂಡಲ್ ನೆಟ್ಟಗಾಗುತ್ತಿತ್ತು, ಆಗ ಸ್ಟಾರ್ಟ್ ಆಗುತ್ತಿತ್ತು.

ಡ್ರೈವರ್ ಮೊದಲು ಬ್ಯಾಟರಿಯ ಮೈನಸ್ ತೆಗೆಸಿದರು. ಕೆಟ್ಟ ತುಂಡು ಮೂರು ಇಂಚು ಕತ್ತರಿಸಿ, ಅಷ್ಟೇ ದಪ್ಪದ ವೈರು ತಮ್ಮ ಡಬ್ಬಿಯಿಂದ ಹುಡುಕಿ, ಬೇಕಾದ್ದಕ್ಕಿಂತ ಎರಡು ಇಂಚು ಉದ್ದ ಇಟ್ಟು, ಹುರಿ ಹಾಕಿ ಟೇಪ್ ಸುತ್ತಿದರು. ತೆಳ್ಳಗಿನ ವೈರು ಹಾಕಬಾರದು, ಇಡೀ ಬೈಕಿನ ಕರೆಂಟು ಅದರಲ್ಲಿ ಹೋಗುವುದು, ಬಿಸಿಯಾಗುತ್ತದೆ. "ಇದು ನಾಳೆವರೆಗೆ. ಸಾಗರದಲ್ಲಿ ಬೆಸುಗೆ ಹಾಕಿಸಿ" ಅಂದರು. ದುಡ್ಡು ಕೊಡಲಿಕ್ಕೆ ಹೋದರೆ ತೆಗೆದುಕೊಳ್ಳಲಿಲ್ಲ. ಅವರ ಮನೆಯಲ್ಲಿ ಆ ದಿನ ಅಕ್ಕಿ ರೊಟ್ಟಿ, ಕಳಲೆ ಪಲ್ಯ. ಕಳಲೆ ಎರಡು ದಿನ ನೀರಿನಲ್ಲಿ ಹಾಕಿ, ನೀರು ಬದಲಾಯಿಸಿ, ಆಮೇಲೆ ಮಾಡುವುದು. ಆ ಮಳೆಯಲ್ಲಿ ಅದರ ರುಚಿ ಬೇರೆಯೇ.

ದಿನ 4: ಸಿಗಂದೂರು, ಸಾಗರ, ಮನೆ

ಬ್ಯಾಕೋಡು, ತುಮರಿ ಕಡೆಯಿಂದ ಸಿಗಂದೂರಿಗೆ ಬಂದೆವು. ದಾರಿಯಲ್ಲಿ ಎಲ್ಲಿ ಖಾಲಿ ಜಾಗ ಸಿಕ್ಕಿದರೂ ನಿಲ್ಲಿಸಿ, ಹ್ಯಾಂಡಲ್ ಪೂರ್ತಿ ಎಡಕ್ಕೆ ಇಟ್ಟು ಎಂಟರ ಆಕಾರದಲ್ಲಿ ಸುತ್ತಿಸುತ್ತಿದ್ದೆ. ಒಂದು ಸಲವೂ ನಿಲ್ಲಲಿಲ್ಲ. ಸಿಗಂದೂರಿನಲ್ಲಿ ದರ್ಶನಕ್ಕೆ ದೊಡ್ಡ ಸಾಲು, ಹೊರಗಿನಿಂದಲೇ ಕೈ ಮುಗಿದೆವು.

ಕಳಸವಳ್ಳಿಯಿಂದ ಅಂಬಾರಗೋಡ್ಲಿಗೆ ಈಗ ಸೇತುವೆ ಆಗಿದೆ. 2025ರ ಜುಲೈನಲ್ಲಿ ಶುರುವಾಯಿತು, ಉದ್ದ 2.44 ಕಿಲೋಮೀಟರ್. ನಾನು ಚಿಕ್ಕವನಿದ್ದಾಗಿಂದ ಇಲ್ಲಿ ಲಾಂಚಿನಲ್ಲೇ ದಾಟಿದ್ದು. ದಡದ ಅಂಗಡಿಯಲ್ಲಿ ಟೀ ಕೊಟ್ಟ ಅಜ್ಜನಿಗೆ ಎಂಬತ್ತರ ಹತ್ತಿರ. 1964ರಲ್ಲಿ ಲಿಂಗನಮಕ್ಕಿ ಆಣೆಕಟ್ಟು ಆಗಿ ಶರಾವತಿ ನೀರು ನಿಂತಾಗ ಅವರ ಗದ್ದೆ ಮುಳುಗಿತ್ತಂತೆ. "ಹುಷಾರಿಲ್ಲದವ್ರನ್ನ ಲಾಂಚಿಗೆ ಕಾಯಿಸ್ಕೊಂಡು ಕೂತದ್ದು ಎಷ್ಟು ರಾತ್ರಿ ಗೊತ್ತುಂಟಾ? ಈಗ ಮೊಮ್ಮಗ ಬೈಕಲ್ಲಿ ಸಾಗರಕ್ಕೆ ಹೋಗಿ ಊಟಕ್ಕೆ ಬರ್ತಾನೆ" ಅಂದರು. ಸೇತುವೆ ಮೇಲೆ ಗಾಳಿ ಜೋರಾಗಿತ್ತು. ಎರಡೂ ಕಡೆ ನೀರು, ಅದರಲ್ಲಿ ಅಲ್ಲಲ್ಲಿ ಹಳೇ ಗುಡ್ಡಗಳ ತಲೆ.

ಸಾಗರದಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡುವವರೊಬ್ಬರ ಸಣ್ಣ ಅಂಗಡಿ ಹುಡುಕಿದೆವು. ಅವರು ಟೇಪ್ ಬಿಚ್ಚಿ, ಡ್ರೈವರ್ ಹಾಕಿದ್ದ ಜೋಡಣೆ ನೋಡಿ ಚೆನ್ನಾಗಿ ಮಾಡಿದ್ದಾರೆ ಅಂದರು. ಆದರೆ ಬೆಸುಗೆ ಅಲ್ಲೇ ಹಾಕಲಿಲ್ಲ. ಬೆಸುಗೆ ಹಾಕಿದ ಜಾಗ ಗಟ್ಟಿಯಾಗುತ್ತದೆ, ಬಾಗುವ ಜಾಗದಲ್ಲಿ ಇದ್ದರೆ ಅದರ ಪಕ್ಕದಲ್ಲೇ ವೈರು ಮತ್ತೆ ಮುರಿಯುತ್ತದೆ ಅಂತ ಹೇಳಿ, ಹೊಸ ವೈರನ್ನು ಇನ್ನೂ ಉದ್ದ ಹಾಕಿದರು. ಒಂದು ಬೆಸುಗೆ ಮೇಲೆ ಕೀ ಸೆಟ್ಟಿನ ಬುಡದಲ್ಲಿ, ಇನ್ನೊಂದು ಕೆಳಗೆ ಫ್ರೇಮಿನ ಮೇಲೆ, ನಡುವೆ ಬಾಗುವ ಕಡೆ ಜೋಡಣೆಯೇ ಇಲ್ಲ. ಮೇಲೆ ಬಿಸಿಗೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ (ಹೀಟ್ ಶ್ರಿಂಕ್ ಸ್ಲೀವ್) ಹಾಕಿ ಲೈಟರಿನಲ್ಲಿ ಬಿಸಿ ಮಾಡಿ ಕೂರಿಸಿದರು. ಹೊಸ ಟೈ ಹಾಕುವಾಗ ಒಳಗೆ ಕಿರುಬೆರಳು ಹೋಗುವಷ್ಟು ಸಡಿಲ ಬಿಟ್ಟರು. ಫಾಗ್ ಲೈಟಿನ ವೈರುಗಳನ್ನು ಬೇರೆಯಾಗಿಯೇ ಕಟ್ಟಿದರು. ಅರ್ಧ ಗಂಟೆಯ ಕೆಲಸ. ಅಲ್ಲಿ ಕಾಯುವಾಗ ತಮ್ಮ ಹೋಗಿ ತೊಡೆದೇವು ಅನ್ನೋ ಸಿಹಿತಿಂಡಿ ತಂದ, ಅಮ್ಮನಿಗೆ ಅಂತ ಒಂದು ಡಬ್ಬಿ ಜಾಸ್ತಿ.

ಕತ್ತರಿಸಿದ ಹಳೇ ತುಂಡನ್ನು ನಾನು ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಅಂಗಡಿಯವರು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ತೋರಿಸಿದರು. ಎಳೆಗಳೆಲ್ಲ ಒಂದೇ ಜಾಗದಲ್ಲಿ ತುಂಡು, ತುದಿಗಳು ಕಪ್ಪಾಗಿದ್ದವು. ಪ್ರತಿ ಸಲ ಬಿಟ್ಟು ಹಿಡಿದಾಗ ಕಿಡಿ ಹಾರಿ ಸುಟ್ಟಿದ್ದು. ಪ್ಲಾಸ್ಟಿಕ್ ಮಾತ್ರ ಅವನ್ನು ಹಿಡಿದುಕೊಂಡಿತ್ತು.

ಆನಂದಪುರ, ಆಯನೂರು ದಾಟಿ ಶಿವಮೊಗ್ಗಕ್ಕೆ ಬರುವಾಗ ಕತ್ತಲಾಗುತ್ತಾ ಬಂದಿತ್ತು. ನಮ್ಮ ಮನೆಯ ಗೇಟು ಕಿರಿದಾದ ಓಣಿಯಲ್ಲಿದೆ, ಒಳಗೆ ಹೋಗಲಿಕ್ಕೆ ಹ್ಯಾಂಡಲ್ ಪೂರ್ತಿ ಎಡಕ್ಕೆ ಎಳೆಯಬೇಕು. ಎಳೆದೆ. ಲೈಟು ಗೋಡೆ ಮೇಲೆ ಹರಿದು ಬಾಗಿಲ ಹತ್ತಿರ ನಿಂತಿತು, ಇಂಜಿನ್ ಓಡುತ್ತಲೇ ಇತ್ತು. ಗಡಿಯಾರ ಮಾತ್ರ ತಪ್ಪು ಹೊತ್ತು ತೋರಿಸುತ್ತಿತ್ತು. ಸಾಗರದಲ್ಲಿ ಬ್ಯಾಟರಿ ತೆಗೆದು ಹಾಕಿದ ಮೇಲೆ ಅದನ್ನು ಸರಿ ಮಾಡಿರಲಿಲ್ಲ. ಅಮ್ಮ ಬಾಗಿಲು ತೆಗೆಯುವುದರೊಳಗೆ ಸರಿ ಮಾಡಿದೆ.